ನಿಂತ ಕಾಲನ್ನು ನೋಡಿ

ಟೇಕ್ವಾಂಡೊ ಎಂದೊಡನೆ ಕಣ್ಣಮುಂದೆ ಬರುವುದು ಬಿಳಿ ಬಟ್ಟೆ ತೊಟ್ಟವರು ಎದುರಾಳಿಯ ತಲೆಯೆತ್ತರಕ್ಕೆ ಕಾಲು ಬೀಸುವ ದೃಶ್ಯ. ಬೇಸಿಗೆ ರಜೆ ಬಂತೆಂದರೆ ನಮ್ಮ ಊರುಗಳ ಶಾಲಾ ಮೈದಾನಗಳಲ್ಲಿ, ಅಪಾರ್ಟ್‌ಮೆಂಟುಗಳ ತಾರಸಿಯ ಮೇಲೆ ಇದರ ತರಗತಿಗಳು ಶುರುವಾಗುತ್ತವೆ. ಮಗುವನ್ನು ಸೇರಿಸಲು ಬಂದ ಅಪ್ಪ ಅಮ್ಮ, ನಲವತ್ತು ದಾಟಿದ ಮೇಲೆ ನಾನೂ ಕಲಿಯಬಹುದೇ ಎಂದು ಸಂಕೋಚದಿಂದ ವಿಚಾರಿಸುವವರು, ಎಲ್ಲರ ಕಣ್ಣೂ ಗಾಳಿಯಲ್ಲಿರುವ ಕಾಲಿನ ಮೇಲೆಯೇ. ಹೊಸಬರಿಗೆ ನಾನು ಹೇಳುವುದು ಒಂದೇ: ನೆಲದ ಮೇಲಿರುವ ಕಾಲನ್ನು ನೋಡಿ. ಕೊರಿಯಾದ ಈ ಕಲೆಯನ್ನು ಕಲಿಯುವುದೆಂದರೆ ಮೊದಲ ವರ್ಷ ಬಹುಪಾಲು ಆ ಕಾಲನ್ನು ಕಲಿಯುವುದೇ.

ದೊಲ್ಯೊ ಚಾಗಿ ಎಂಬ ಒದೆತವನ್ನೇ ತೆಗೆದುಕೊಳ್ಳಿ. ಪಕ್ಕದಿಂದ ಸುತ್ತಿ ಬಂದು ಬಡಿಯುವ ಕಿಕ್ ಅದು. ಟಿವಿಯಲ್ಲಿ ಪಂದ್ಯ ನೋಡಿದರೆ ಎಲ್ಲಕ್ಕಿಂತ ಹೆಚ್ಚು ಕಾಣುವುದೂ ಅದೇ. ಎಡಗಾಲು ಮುಂದೆ, ಬಲಗಾಲು ಹಿಂದೆ ಇಟ್ಟು ನಿಂತಿದ್ದೀರಿ ಎನ್ನಿ. ಮೊದಲು ಬಲ ಮಂಡಿ ನೇರವಾಗಿ ಮುಂದಕ್ಕೆ, ಮೇಲಕ್ಕೆ ಬರಬೇಕು. ಹಿಮ್ಮಡಿ ತೊಡೆಯ ಹಿಂಭಾಗಕ್ಕೆ ತಾಗುವಷ್ಟು ಕಾಲು ಮಡಚಿರಬೇಕು. ಆಗಲೇ ಎಡಪಾದ ಅಂಗಾಲಿನ ಮುಂಭಾಗದ ಮೇಲೆ ತಿರುಗಬೇಕು. ಎಷ್ಟು ತಿರುಗಬೇಕೆಂದರೆ, ಒದೆತ ತಾಗುವ ಹೊತ್ತಿಗೆ ಎಡ ಹಿಮ್ಮಡಿ ಎದುರಾಳಿಯ ಕಡೆ ನೋಡುತ್ತಿರಬೇಕು. ಪಾದ ತಿರುಗಿದರೆ ಸೊಂಟ ತಿರುಗುತ್ತದೆ, ಸೊಂಟ ತಿರುಗಿದರೆ ಮಡಚಿದ ಬಲಗಾಲು ತಾನಾಗಿ ಅಡ್ಡಲಾಗುತ್ತದೆ. ಕೊನೆಗೆ ಮಂಡಿ ಬಿಚ್ಚಿ ಪಾದದ ಮೇಲ್ಭಾಗ ಬಡಿಯುತ್ತದೆ. ಬಡಿದ ಕಾಲು ಹೋದ ದಾರಿಯಲ್ಲೇ ಮಡಚಿಕೊಂಡು ವಾಪಸು ಬಂದು ನೆಲಕ್ಕೆ ಇಳಿಯುತ್ತದೆ.

ಹೊಸಬರು ಮಾಡುವುದು ಇದಕ್ಕೆ ತಿರುಗುಮುರುಗು. ಎಡಪಾದ ಮುಂದಕ್ಕೆ ಮುಖ ಮಾಡಿ ಸಿಮೆಂಟ್ ನೆಲಕ್ಕೆ ಅಂಟಿಕೊಂಡಿರುತ್ತದೆ, ಬಲಗಾಲನ್ನು ಮಾತ್ರ ತೋಳುಬಲದಿಂದೆಂಬಂತೆ ಎಳೆದು ಬೀಸುತ್ತಾರೆ. ಆಗ ತಿರುಚುವ ಒತ್ತಡವೆಲ್ಲ ಬೀಳುವುದು ನಿಂತ ಕಾಲಿನ ಮಂಡಿಯ ಮೇಲೆ. ಮಂಡಿ ಮುಂದಕ್ಕೆ ಹಿಂದಕ್ಕೆ ಮಡಚಲು ಆಗಿರುವ ಕೀಲು, ತಿರುಚಲು ಆಗಿದ್ದಲ್ಲ. ಮೂರು ತಿಂಗಳು ಹೀಗೇ ಒದ್ದ ಮೇಲೆ ಮಂಡಿನೋವು ಎಂದು ಬಿಟ್ಟು ಹೋಗುವವರಲ್ಲಿ ಅನೇಕರಿಗೆ ಪಾದ ತಿರುಗಿಸುವುದನ್ನು ಯಾರೂ ಸರಿಯಾಗಿ ಹೇಳಿಕೊಟ್ಟಿರುವುದಿಲ್ಲ. ಒಳ್ಳೆಯ ಮಾಸ್ಟರ್ ಆದರೆ ಗೋಡೆ ಹಿಡಿಸಿ ನಿಲ್ಲಿಸುತ್ತಾರೆ. ಒಂದು: ಮಂಡಿ ಎತ್ತು. ಎರಡು: ಪಾದ ತಿರುಗಿಸು. ಮೂರು: ಒದೆ. ನಾಲ್ಕು: ಮಡಚು. ಐದು: ಇಳಿಸು. ಎತ್ತರ ಸೊಂಟಕ್ಕಿಂತ ಕೆಳಗಿದ್ದರೂ ಸರಿ, ಐದೂ ಬಿಡಿಬಿಡಿಯಾಗಿ ಕಾಣಬೇಕು. ನೋಡುವವರಿಗೆ ಬೇಸರ ಬರಿಸುವ ಅಭ್ಯಾಸ ಇದು. ಆದರೆ ತಲೆಯೆತ್ತರದ ಕಿಕ್ ಹುಟ್ಟುವುದು ಇದೇ ಗೋಡೆಯ ಪಕ್ಕದಲ್ಲಿ.

ಮುಂದಕ್ಕೆ ಒದೆಯುವ ಆಪ್ ಚಾಗಿ ಇನ್ನೂ ಸರಳ. ಅಲ್ಲಿ ಎಡವಟ್ಟಾಗುವುದು ಬೆರಳುಗಳಲ್ಲಿ. ತಾಗಬೇಕಾದ್ದು ಅಂಗಾಲಿನ ಮುಂಭಾಗ, ಆದ್ದರಿಂದ ಕಾಲ್ಬೆರಳನ್ನು ಮೇಲಕ್ಕೆ ಹಿಂದೆಳೆದು ಹಿಡಿಯಬೇಕು. ಚಪ್ಪಲಿ ಶೂಗಳೊಳಗೆ ಬೆಳೆದ ಬೆರಳು ಹೇಳಿದ ಮಾತು ಕೇಳುವುದಿಲ್ಲ. ಕಿಕ್ ಪ್ಯಾಡಿಗೆ ಹೆಬ್ಬೆರಳು ನೇರ ಗುದ್ದಿದಾಗ ಆಗುವ ನೋವು ಈ ಕಲೆ ಕಲಿತ ಪ್ರತಿಯೊಬ್ಬರಿಗೂ ಗೊತ್ತು. ಬರಿಗಾಲಲ್ಲೇ ಕಲಿಸುವುದಕ್ಕೆ ಇದೂ ಒಂದು ಕಾರಣ: ನೆಲವನ್ನು ಪಾದ ತಿಳಿಯಬೇಕು, ಪಾದವನ್ನು ತಲೆ ತಿಳಿಯಬೇಕು.

ಮೊದಲ ದಿನ ಒದೆಯಲು ಬಿಡುತ್ತಾರೆಂದು ಮಾತ್ರ ಅಂದುಕೊಳ್ಳಬೇಡಿ. 'ಚಾರ್ಯತ್' ಎಂದರೆ ನೆಟ್ಟಗೆ ನಿಲ್ಲಬೇಕು, 'ಕ್ಯೊಂಗ್ನೆ' ಎಂದರೆ ಬಾಗಿ ವಂದಿಸಬೇಕು, 'ಜುನ್ಬಿ' ಎಂದರೆ ಮುಷ್ಟಿ ಕಟ್ಟಿ ಸಿದ್ಧವಾಗಬೇಕು, 'ಶಿಜಾಕ್' ಎಂದರೆ ಶುರು. ಹಾನಾ, ದುಲ್, ಸೆತ್, ನೆತ್ ಎಂದು ಕೊರಿಯನ್ ಭಾಷೆಯಲ್ಲೇ ಎಣಿಕೆ. ತರಬೇತಿ ನಡೆಯುವ ಜಾಗ ದೊಜಾಂಗ್, ತೊಡುವ ಬಟ್ಟೆ ದೊಬೊಕ್, ಗುರುಗಳು ಸಾಬಮ್‌ನಿಮ್. ನಮ್ಮ ಮಕ್ಕಳು 'ಸರ್' ಅಥವಾ 'ಮಾಸ್ಟರ್' ಎನ್ನುತ್ತಾರೆ, ಅದೂ ನಡೆಯುತ್ತದೆ. ಹೊಡೆತದ ಕೊನೆಯಲ್ಲಿ ಹೊಟ್ಟೆಯಿಂದ ಹೊರಡುವ ಕೂಗಿಗೆ ಕಿಹಾಪ್ ಎಂದು ಹೆಸರು. ದೊಡ್ಡವರಿಗೆ ಎಲ್ಲಕ್ಕಿಂತ ಕಷ್ಟ ಇದೇ. ನಾಲ್ಕು ಜನರೆದುರು ಗಟ್ಟಿಯಾಗಿ ಕೂಗಲು ನಾಚಿಕೆ. ಕೂಗುವಾಗ ಉಸಿರು ಹೊರಬೀಳುತ್ತದೆ, ಹೊಟ್ಟೆಯ ಸ್ನಾಯು ಬಿಗಿಯುತ್ತದೆ, ಹೊಡೆತಕ್ಕೆ ಮೈಯ ಬಲ ಸೇರುತ್ತದೆ. ಉಸಿರು ಕಟ್ಟಿಕೊಂಡು ಒದೆಯುವವರು ಐದು ನಿಮಿಷದಲ್ಲೇ ಏದುಸಿರು ಬಿಡುವುದನ್ನು ಯಾವ ತರಗತಿಯಲ್ಲಾದರೂ ನೋಡಬಹುದು.

ಇನ್ನು ಇದರ ಚರಿತ್ರೆ. ಬಹಳಷ್ಟು ತರಗತಿಗಳ ಕೈಪಿಡಿಯಲ್ಲಿ ಮೊದಲ ವಾಕ್ಯವೇ ಟೇಕ್ವಾಂಡೊಗೆ 2000 ವರ್ಷಗಳ ಇತಿಹಾಸವಿದೆ ಎಂಬುದು. ಗೊಗುರ್ಯೊ ರಾಜ್ಯದ ಸಮಾಧಿಗಳ ಗೋಡೆಚಿತ್ರಗಳಲ್ಲಿ ಕಾದಾಡುವ ಭಂಗಿಯ ಇಬ್ಬರಿದ್ದಾರೆ, ಶಿಲ್ಲಾ ರಾಜ್ಯದಲ್ಲಿ ಹ್ವಾರಾಂಗ್ ಎಂಬ ಯುವಕರ ಪಡೆ ಇತ್ತು, ಇದೆಲ್ಲ ನಿಜ. ದೊರೆ ಜಂಗ್‌ಜೊ ಬರೆಸಿದ ಮುಯೆದೊಬೊತೊಂಗ್‌ಜಿ ಎಂಬ 1790ರ ಸಚಿತ್ರ ಯುದ್ಧಕಲೆಯ ಗ್ರಂಥವೂ ಇದೆ. ಕಾಲಿನಿಂದ ಎಡವಿಸಿ, ಒದ್ದು ಆಡುವ ತೆಕ್ಯೊನ್ ಎಂಬ ಹಳೆಯ ಆಟ ಇಪ್ಪತ್ತನೆಯ ಶತಮಾನದವರೆಗೂ ಹೇಗೋ ಉಳಿದುಬಂತು. ಸೊಂಗ್ ದೊಕ್-ಗಿ ಎಂಬ ವೃದ್ಧರು ಅದನ್ನು ಮುಂದಿನವರಿಗೆ ದಾಟಿಸಿದರು, 2011ರಲ್ಲಿ ಯುನೆಸ್ಕೊ ಪಟ್ಟಿಗೂ ಅದು ಸೇರಿತು. ಆದರೆ ಇಂದು ತರಗತಿಯಲ್ಲಿ ನೀವು ಕಲಿಯುವ ಟೇಕ್ವಾಂಡೊ ಈ ಸಮಾಧಿಗಳಿಂದ ನೇರವಾಗಿ ಇಳಿದು ಬಂದದ್ದಲ್ಲ. ಇದು ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ರೂಪುಗೊಂಡ ಕಲೆ.

1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಆ ಕಾಲದಲ್ಲಿ ಓದಲೆಂದು ಜಪಾನಿಗೆ ಹೋದ ಕೆಲವು ಕೊರಿಯನ್ ತರುಣರು ಅಲ್ಲಿ ಕರಾಟೆ ಕಲಿತರು. ಅವರಲ್ಲಿ ಒಬ್ಬರಾದ ಲೀ ವೊನ್-ಗುಕ್ ಆಧುನಿಕ ಕರಾಟೆಯ ಹಿರಿಯ ಗುರು ಫುನಾಕೊಶಿ ಗಿಚಿನ್ ಅವರ ಶಿಷ್ಯ. ಅವರು 1944ರಲ್ಲಿ ಸೋಲ್ ನಗರದಲ್ಲಿ ಚಂಗ್ ದೊ ಕ್ವಾನ್ ಎಂಬ ಶಾಲೆ ತೆರೆದರು. ಸ್ವಾತಂತ್ರ್ಯ ಬಂದ ಮೇಲೆ ಮೂ ದುಕ್ ಕ್ವಾನ್, ಚಾಂಗ್ ಮೂ ಕ್ವಾನ್, ಜಿ ದೊ ಕ್ವಾನ್ ಹೀಗೆ ಒಂದರ ಹಿಂದೆ ಒಂದು ಶಾಲೆಗಳು ಎದ್ದವು. ಒಂದೊಂದು ಶಾಲೆ ಒಂದೊಂದು ಹೆಸರಿನಲ್ಲಿ ಕಲಿಸುತ್ತಿತ್ತು. ಆರಂಭದಲ್ಲಿ ಕಲಿಸುತ್ತಿದ್ದ ಚಲನೆಗಳ ಸರಣಿಗಳು ಬಹಳಷ್ಟು ಕರಾಟೆಯವೇ. 1955ರಲ್ಲಿ ಸೇನಾಧಿಕಾರಿ ಚೊಯ್ ಹೊಂಗ್-ಹಿ ಮುಂದಿಟ್ಟ ಟೇಕ್ವಾಂಡೊ ಎಂಬ ಹೆಸರು ಒಪ್ಪಿಗೆಯಾಯಿತು. ಎಲ್ಲ ಶಾಲೆಗಳೂ ಅದನ್ನು ಒಪ್ಪಿಕೊಳ್ಳಲು ಇನ್ನೂ ಹತ್ತು ವರ್ಷ ಹಿಡಿಯಿತು.

ಈ ಚರಿತ್ರೆಯನ್ನು ಮುಚ್ಚಿಡುವ ಅಗತ್ಯವೇ ಇಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದೇಶ ಇಬ್ಭಾಗವಾಗಿ, 1950ರಿಂದ 1953ರವರೆಗಿನ ಯುದ್ಧದಲ್ಲಿ ಊರುಗಳೇ ನಾಶವಾಗಿ ಹೋಗಿದ್ದ ಜನ ಆಳಿದವರಿಂದ ಬಂದ ಕಲೆಯನ್ನು ತೆಗೆದುಕೊಂಡು, ತಮ್ಮ ಕಾಲಾಟದ ಒಲವನ್ನು ಅದಕ್ಕೆ ಸೇರಿಸಿ, ಎರಡು ದಶಕಗಳಲ್ಲಿ ಬೇರೆಯದೇ ಆದ ಒಂದನ್ನು ಕಟ್ಟಿದರು. ಕರಾಟೆಯಲ್ಲಿ ಕೈಗೆ ಇದ್ದ ಸ್ಥಾನ ಇಲ್ಲಿ ಕಾಲಿಗೆ ಬಂತು. ಅಗಲವಾಗಿ, ತಗ್ಗಿ ನಿಲ್ಲುವ ಭಂಗಿಗಳ ಜೊತೆಗೆ ನಡೆಯುವ ಹೆಜ್ಜೆಯಷ್ಟೇ ಅಂತರದ ಎತ್ತರದ ನಿಲುವೂ ಬಂತು. ತಿರುಗಿ ಒದೆಯುವ, ಹಾರಿ ಒದೆಯುವ ಕಿಕ್‌ಗಳು ಬೆಳೆದವು. 2000 ವರ್ಷದ ಕಥೆಗಿಂತ ಈ ಇಪ್ಪತ್ತು ವರ್ಷದ ಕಥೆಯೇ ನನಗೆ ದೊಡ್ಡದು.

ಮನೆ ಕಟ್ಟಿದವರು ಬೇರೆ ಬೇರೆಯೂ ಆದರು. ಚೊಯ್ 1966ರಲ್ಲಿ ಅಂತರರಾಷ್ಟ್ರೀಯ ಟೇಕ್ವಾಂಡೊ ಫೆಡರೇಷನ್ ಸ್ಥಾಪಿಸಿದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಪಾರ್ಕ್ ಚುಂಗ್-ಹಿ ಅವರ ಸರ್ಕಾರದೊಂದಿಗೆ ಹೊಂದಾಣಿಕೆಯಾಗದೆ 1972ರಲ್ಲಿ ಕೆನಡಾಕ್ಕೆ ಹೊರಟುಹೋದರು. ಮುಂದೆ ಉತ್ತರ ಕೊರಿಯಾದಲ್ಲೂ ತಮ್ಮ ಶೈಲಿಯನ್ನು ಬೆಳೆಸಿ 2002ರಲ್ಲಿ ಪ್ಯೊಂಗ್ಯಾಂಗ್‌ನಲ್ಲೇ ತೀರಿಕೊಂಡರು. ಅದೇ 1972ರ ನವೆಂಬರಿನಲ್ಲಿ ಸೋಲ್‌ನ ಗಾಂಗ್ನಮ್‌ನಲ್ಲಿ ಕುಕ್ಕಿವೊನ್ ಎಂಬ ಕೇಂದ್ರ ಕಚೇರಿ ಎದ್ದಿತು. 1973ರ ಮೇ ತಿಂಗಳಲ್ಲಿ ಅಲ್ಲಿಯೇ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದು, ಕಿಮ್ ಉನ್-ಯೊಂಗ್ ಮುಂದಾಳತ್ವದಲ್ಲಿ ವಿಶ್ವ ಟೇಕ್ವಾಂಡೊ ಫೆಡರೇಷನ್ ಹುಟ್ಟಿತು. ಈಗ ಅದರ ಹೆಸರು ವರ್ಲ್ಡ್ ಟೇಕ್ವಾಂಡೊ. ಒಲಿಂಪಿಕ್ಸ್‌ಗೆ ಹೋದದ್ದು ಈ ಎರಡನೆಯ ಧಾರೆ: 1988ರ ಸೋಲ್ ಮತ್ತು 1992ರ ಬಾರ್ಸಿಲೋನಾದಲ್ಲಿ ಪ್ರದರ್ಶನ ಕ್ರೀಡೆಯಾಗಿ, 2000ರ ಸಿಡ್ನಿಯಿಂದ ಪದಕದ ಕ್ರೀಡೆಯಾಗಿ.

ಹೊಸಬರಿಗೆ ಇದರಿಂದ ಏನು ಎಂದರೆ, ನಿಮ್ಮ ಊರಿನ ತರಗತಿ ಯಾವ ಧಾರೆಯದು ಎಂದು ಸೇರುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಚೊಯ್ ಧಾರೆಯಲ್ಲಿ ಚಲನೆಗಳ ಸರಣಿಗೆ ತುಲ್ ಎನ್ನುತ್ತಾರೆ. ದಿನದ 24 ಗಂಟೆಗಳ ಲೆಕ್ಕದಲ್ಲಿ 24 ತುಲ್‌ಗಳಿವೆ, ಸ್ಪಾರಿಂಗ್ ಎಂಬ ಎದುರುಬದುರು ಕಾದಾಟದಲ್ಲಿ ಮುಖಕ್ಕೆ ಕೈಯಿಂದಲೂ ಹೊಡೆಯಬಹುದು. ಕುಕ್ಕಿವೊನ್ ಧಾರೆಯಲ್ಲಿ ಸರಣಿಗೆ ಪೂಮ್ಸೆ ಎಂದು ಹೆಸರು, ಪಂದ್ಯದಲ್ಲಿ ಮುಖಕ್ಕೆ ಪಂಚ್ ಮಾಡುವಂತಿಲ್ಲ. ಯಾವುದು ಮೇಲು ಎಂಬ ಜಗಳಕ್ಕೆ ಕೊನೆಯಿಲ್ಲ. ಮನೆ ಹತ್ತಿರ ಒಳ್ಳೆಯ ಗುರು ಯಾವ ಧಾರೆಯಲ್ಲಿ ಸಿಕ್ಕರೋ ಅದೇ ಮೇಲು. ಮುಂದೆ ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿ ಒಲಿಂಪಿಕ್ಸ್ ಕನಸು ಕಾಣುವ ಮಗುವಿಗೆ ಮಾತ್ರ ಎರಡನೆಯದೇ ದಾರಿ.

ಪೂಮ್ಸೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಮಕ್ಕಳಿಗೆ ಬೇಸರ ತರುವುದೂ ಇದೇ, ಪೋಷಕರು 'ಡ್ರಿಲ್' ಎಂದು ಕಡೆಗಣಿಸುವುದೂ ಇದನ್ನೇ. ಮೊದಲು ಕಲಿಸುವುದು ತೆಗುಕ್ ಇಲ್-ಜಾಂಗ್. ತೆಗುಕ್ ಹೆಸರಿನ ಎಂಟು ಪೂಮ್ಸೆಗಳಲ್ಲಿ ಒಂದೊಂದಕ್ಕೂ ಪೂರ್ವ ಏಷ್ಯಾದ ಹಳೆಯ ಚಿಂತನೆಯ ಒಂದೊಂದು ಮೂರು ಗೆರೆಯ ಸಂಕೇತ ಆಧಾರ. ಆ ಎಂಟರಲ್ಲಿ ನಾಲ್ಕು ದಕ್ಷಿಣ ಕೊರಿಯಾದ ಬಾವುಟದ ಮೂಲೆಗಳಲ್ಲಿವೆ. ಇಲ್-ಜಾಂಗ್‌ನದು ಆಕಾಶವನ್ನು ಸೂಚಿಸುವ ಮೂರು ಅಖಂಡ ಗೆರೆ, ಕಲಿಯುವವರು ನೆಲದ ಮೇಲೆ ನಡೆಯುವುದೂ ಆ ಮೂರು ಗೆರೆಗಳ ಉದ್ದಕ್ಕೇ. ಇರುವುದು 18 ಚಲನೆ. ಎಡಕ್ಕೆ ತಿರುಗಿ ಕೆಳಗಿನ ಹೊಡೆತ ತಡೆಯುವ ಆರೆ ಮಾಕ್ಕಿ, ಹೆಜ್ಜೆ ಮುಂದಿಟ್ಟು ಹೊಟ್ಟೆಯ ಮಟ್ಟಕ್ಕೆ ಪಂಚ್, ಹಿಂದಕ್ಕೆ ತಿರುಗಿ ಅದೇ ಎರಡು. ಕಾಲಿನ ಕಲೆ ಎಂದು ಹೆಸರಾದ ಇದರ ಮೊದಲ ಪೂಮ್ಸೆಯಲ್ಲಿ ಒದೆತ ಬರುವುದು ಎರಡೇ ಎರಡು ಸಲ, ಅದೂ ಸರಳ ಆಪ್ ಚಾಗಿ. ಉಳಿದದ್ದೆಲ್ಲ ತಿರುಗುವುದು, ನಿಲ್ಲುವುದು, ತಡೆಯುವುದು.

ಆರೆ ಮಾಕ್ಕಿಯನ್ನೇ ಹತ್ತಿರದಿಂದ ನೋಡಿ. ಎಡಗೈ ಮುಷ್ಟಿ ಬಲ ಭುಜದ ಹತ್ತಿರದಿಂದ ಹೊರಡುತ್ತದೆ, ಓರೆಯಾಗಿ ಇಳಿದು ಎಡತೊಡೆಯಿಂದ ಎರಡು ಮುಷ್ಟಿಯಷ್ಟು ದೂರದಲ್ಲಿ ನಿಲ್ಲುತ್ತದೆ. ಅದು ಇಳಿಯುವ ಹೊತ್ತಿಗೇ ಬಲಗೈ ಸೊಂಟಕ್ಕೆ ಎಳೆದುಕೊಳ್ಳಬೇಕು. ಹೆಜ್ಜೆ ನೆಲಕ್ಕೆ ಊರುವುದೂ ತಡೆ ಮುಗಿಯುವುದೂ ಒಂದೇ ಕ್ಷಣದಲ್ಲಿ ಆಗಬೇಕು. ಹೊಸಬರ ಕಾಲು ಮೊದಲು ಊರಿ ಕೈ ತಡವಾಗಿ ಬರುತ್ತದೆ, ಇಲ್ಲವೇ ಕೈ ಮುಗಿದ ಮೇಲೆ ಕಾಲು ಸರಿಹೋಗುತ್ತದೆ. ಎರಡೂ ಕೂಡುವ ದಿನ ನೋಡುವವರಿಗೆ ತಕ್ಷಣ ತಿಳಿಯುತ್ತದೆ, ಸೊಂಟದಿಂದ ಮೇಲೆ ಕೆಳಗೆ ಎರಡಾಗಿದ್ದ ಮೈ ಒಂದಾಗಿರುತ್ತದೆ. ತಬಲಾ ಕಲಿಯುವವರು ಮೊದಲ ವರ್ಷ ಬರೀ ಅಕ್ಷರ ನುಡಿಸುವಂತೆ ಇದು: ಕೈ ಶುದ್ಧವಾಗದೆ ಮುಂದಿನ ಪಾಠವಿಲ್ಲ.

ಬೆಲ್ಟಿನ ವಿಷಯಕ್ಕೆ ಬರೋಣ. ಬಿಳಿಯಿಂದ ಶುರುವಾಗಿ ಹಳದಿ, ಹಸಿರು, ನೀಲಿ, ಕೆಂಪು, ಕೊನೆಗೆ ಕಪ್ಪು. ನಡುವೆ ಪಟ್ಟಿ ಇರುವ ಬೆಲ್ಟುಗಳೂ ಉಂಟು. ಕಪ್ಪು ಬೆಲ್ಟಿಗೆ ಮೊದಲಿನ ಹಂತಗಳು ಗುಪ್, ಹತ್ತರಿಂದ ಒಂದಕ್ಕೆ ಇಳಿಯುತ್ತವೆ. ಕಪ್ಪು ಬೆಲ್ಟಿನ ನಂತರದ ಹಂತಗಳು ದಾನ್, ಒಂದರಿಂದ ಒಂಬತ್ತಕ್ಕೆ ಏರುತ್ತವೆ. ಕುಕ್ಕಿವೊನ್ ನಿಯಮದಲ್ಲಿ 15 ವರ್ಷದೊಳಗಿನವರಿಗೆ ದಾನ್ ಇಲ್ಲ, ಅವರಿಗೆ ಪೂಮ್. ಅವರ ಬೆಲ್ಟ್ ಅರ್ಧ ಕೆಂಪು, ಅರ್ಧ ಕಪ್ಪು. ಮೊದಲ ದಾನ್‌ನಿಂದ ಎರಡನೆಯದಕ್ಕೆ ಕನಿಷ್ಠ ಒಂದು ವರ್ಷ, ಅಲ್ಲಿಂದ ಮೂರನೆಯದಕ್ಕೆ ಎರಡು ವರ್ಷ, ನಾಲ್ಕನೆಯದಕ್ಕೆ ಮೂರು ವರ್ಷ ಕಾಯಬೇಕು. 'ಸರ್, ಬ್ಲ್ಯಾಕ್ ಬೆಲ್ಟ್ ಎಷ್ಟು ತಿಂಗಳಲ್ಲಿ ಸಿಗುತ್ತೆ?' ಎಂದು ಮೊದಲ ದಿನವೇ ಕೇಳುವ ಪೋಷಕರಿದ್ದಾರೆ. ಅದಕ್ಕೆ 'ಒಂದೇ ವರ್ಷ ಸಾಕು' ಎಂದು ಭರವಸೆ ಕೊಡುವ ಕಡೆ ಮಗುವನ್ನು ಸೇರಿಸಬೇಡಿ. ತಿಂಗಳಿಗೊಂದು ಟೆಸ್ಟ್, ಟೆಸ್ಟಿಗೊಂದು ಫೀಸು ಎಂಬ ವ್ಯವಸ್ಥೆಯಲ್ಲಿ ಬಣ್ಣ ಬೇಗ ಬದಲಾಗುತ್ತದೆ, ನಿಂತ ಕಾಲು ಮಾತ್ರ ಮೊದಲ ದಿನ ಇದ್ದಲ್ಲೇ ಇರುತ್ತದೆ. ಕಪ್ಪು ಬೆಲ್ಟಿನ ಪ್ರಮಾಣಪತ್ರ ಎಲ್ಲಿಂದ ಬರುತ್ತದೆ ಎಂದೂ ವಿಚಾರಿಸಿ. ಕುಕ್ಕಿವೊನ್ ನೀಡುವ ದಾನ್ ಪತ್ರ ಜಗತ್ತಿನಲ್ಲಿ ಆ ಧಾರೆಯ ಯಾವ ದೊಜಾಂಗ್‌ನಲ್ಲಾದರೂ ಗುರುತು ಸಿಗುವಂಥದ್ದು.

ಪಂದ್ಯದ ನಿಯಮ ಗೊತ್ತಿದ್ದರೆ ಟಿವಿಯಲ್ಲಿ ನೋಡುವ ಸೊಗಸೇ ಬೇರೆ. ಎಂಟು ಮೂಲೆಯ ಮ್ಯಾಟ್, ಒಬ್ಬರು ನೀಲಿ, ಒಬ್ಬರು ಕೆಂಪು. ಎರಡೆರಡು ನಿಮಿಷದ ಮೂರು ಸುತ್ತು, ಈಗಿನ ನಿಯಮದಲ್ಲಿ ಎರಡು ಸುತ್ತು ಗೆದ್ದವರು ವಿಜೇತರು. ಮೈಗೆ ತಾಗಿದ ಪಂಚ್‌ಗೆ 1 ಅಂಕ, ಮೈಗೆ ತಾಗಿದ ಒದೆತಕ್ಕೆ 2, ತಲೆಗೆ 3. ಬೆನ್ನು ತಿರುಗಿಸಿ ಸುತ್ತಿ ಒದ್ದರೆ ಮೈಗೆ 4, ತಲೆಗೆ 5. ನೆಲಕ್ಕೆ ಬಿದ್ದರೆ, ಗೆರೆ ದಾಟಿದರೆ, ಹಿಡಿದುಕೊಂಡರೆ ಎದುರಾಳಿಗೆ 1 ಅಂಕ. 2012ರ ಲಂಡನ್ ಒಲಿಂಪಿಕ್ಸ್‌ನಿಂದ ಎದೆಗವಚದಲ್ಲೇ ಎಲೆಕ್ಟ್ರಾನಿಕ್ ಸೆನ್ಸರ್ ಇದೆ, 2016ರ ರಿಯೊದಿಂದ ತಲೆಗವಚದಲ್ಲೂ ಬಂತು. ತೀರ್ಪಿನ ಬಗ್ಗೆ ಇದ್ದ ತಕರಾರು ಇದರಿಂದ ಕಡಿಮೆಯಾಯಿತು. ಜೊತೆಗೊಂದು ನಷ್ಟವೂ ಆಯಿತು: ಮುಂಗಾಲನ್ನು ಎತ್ತಿ ಹಿಡಿದು ಸೆನ್ಸರ್‌ಗೆ ತಾಗಿಸುವುದೇ ತಂತ್ರವಾಗಿ, ಹಿಂದಿನವರ ಭರ್ಜರಿ ಒದೆತ ಅಪರೂಪವಾಯಿತು. ತಿರುಗಿ ಒದೆಯುವುದಕ್ಕೆ ಹೆಚ್ಚು ಅಂಕ ಇಟ್ಟದ್ದು ಅದನ್ನು ಮರಳಿ ತರುವ ಪ್ರಯತ್ನ. ಪೂರ್ತಿ ಫಲಿಸಿಲ್ಲ ಎನ್ನುವುದು ನನ್ನ ಅನಿಸಿಕೆ.

ಈ ಕಲೆಯ ಮೇಲೆ ನನಗಿರುವ ಪ್ರೀತಿಗೆ ದೊಡ್ಡ ಕಾರಣ ಇದು ಯಾರ್‍ಯಾರ ಕೈಗೆ ಪದಕ ಕೊಟ್ಟಿದೆ ಎಂಬುದು. ವಿಯೆಟ್ನಾಂ ದೇಶದ ಮೊದಲ ಒಲಿಂಪಿಕ್ ಪದಕ ಬಂದದ್ದು ಸಿಡ್ನಿಯಲ್ಲಿ, ಟೇಕ್ವಾಂಡೊದಲ್ಲಿ ಬೆಳ್ಳಿ ಗೆದ್ದ ತ್ರಾನ್ ಹಿಯೆವ್ ಙಾನ್ ಅವರಿಂದ. ಅಫ್ಗಾನಿಸ್ತಾನದ ಮೊದಲ ಪದಕ 2008ರ ಬೀಜಿಂಗ್‌ನಲ್ಲಿ ರೊಹುಲ್ಲಾ ನಿಕ್ಪಾಯ್ ಗೆದ್ದ ಕಂಚು. ಅವರು ಬೆಳೆದದ್ದು ಇರಾನಿನ ನಿರಾಶ್ರಿತರ ಶಿಬಿರದಲ್ಲಿ. ಜೋರ್ಡನ್‌ನ ಮೊದಲ ಪದಕ ರಿಯೊದಲ್ಲಿ ಅಹ್ಮದ್ ಅಬುಘೌಶ್ ಗೆದ್ದ ಚಿನ್ನ. ಈಜುಕೊಳ ಬೇಡ, ಸಿಂಥೆಟಿಕ್ ಟ್ರ್ಯಾಕ್ ಬೇಡ, ದುಬಾರಿ ಸಲಕರಣೆ ಶುರುವಿನಲ್ಲಂತೂ ಬೇಡವೇ ಬೇಡ. ಒಂದು ಜೊತೆ ದೊಬೊಕ್, ಸಮತಟ್ಟಾದ ನೆಲ, ಜೊತೆಯಲ್ಲಿ ಪ್ಯಾಡ್ ಹಿಡಿಯಲು ಒಬ್ಬರು ಸಾಕು. ಟೋಕಿಯೊದಿಂದ ಪ್ಯಾರಾಲಿಂಪಿಕ್ಸ್‌ನಲ್ಲೂ ಇದು ಸೇರಿದೆ. ಕೈಗಳಿಗೆ ಸಂಬಂಧಿಸಿದ ಅಂಗವೈಕಲ್ಯ ಇರುವವರು ಸ್ಪರ್ಧಿಸುವ ಆ ವಿಭಾಗದಲ್ಲಿ ಹರಿಯಾಣದ ಅರುಣಾ ತನ್ವರ್ ಭಾರತದಿಂದ ಆಡಿದರು.

ಆತ್ಮರಕ್ಷಣೆಗೆ ಆಗುತ್ತದೆಯೇ ಎಂದು ಹೆಣ್ಣುಮಕ್ಕಳ ತಾಯಂದಿರು ಕೇಳುವ ಪ್ರಶ್ನೆಗೆ ನೇರವಾಗಿ ಉತ್ತರಿಸಬೇಕು. ಪಂದ್ಯದ ಟೇಕ್ವಾಂಡೊ ಮಾತ್ರ ಕಲಿತರೆ ಸಾಲದು. ಅಲ್ಲಿ ಹಿಡಿತವಿಲ್ಲ, ಮುಖಕ್ಕೆ ಪಂಚ್ ಇಲ್ಲ, ನೆಲದ ಮೇಲಿನ ಕಾದಾಟವಿಲ್ಲ. ಕೈ ಹಿಡಿದರೆ, ಕೂದಲು ಹಿಡಿದರೆ, ಹಿಂದಿನಿಂದ ಅಪ್ಪಿಕೊಂಡರೆ ಬಿಡಿಸಿಕೊಳ್ಳುವ ಹೊಶಿನ್ಸುಲ್ ಎಂಬ ಭಾಗ ಇದರ ಪಾಠದಲ್ಲೇ ಇದೆ. ಪಂದ್ಯದ ಹುಮ್ಮಸ್ಸಿನಲ್ಲಿ ಅನೇಕ ಕಡೆ ಅದನ್ನು ಕೈಬಿಡುತ್ತಾರೆ, ಕಲಿಸಿ ಎಂದು ಕೇಳಿ. ಹಾಗೆಂದು ಎರಡು ವಾರದ ಶಿಬಿರ ಮುಗಿಸಿದ ಹುಡುಗಿಗೆ ಇನ್ನು ಭಯವಿಲ್ಲ ಎಂದು ನಂಬಿಸುವುದು ತಪ್ಪು. ದೂರ ಕಾಯ್ದುಕೊಳ್ಳುವುದು, ಗಟ್ಟಿಯಾಗಿ ಕೂಗುವುದು, ತಳ್ಳಿದರೆ ಬೀಳದಂತೆ ನಿಲ್ಲುವುದು, ಓಡಲು ಉಸಿರು ಇರುವುದು, ಇವಿಷ್ಟು ಒಂದೆರಡು ವರ್ಷದ ನಿಯಮಿತ ಅಭ್ಯಾಸದಿಂದ ಖಂಡಿತ ಬರುತ್ತವೆ. ಅದು ಸಣ್ಣ ಲಾಭವಲ್ಲ.

ತರಗತಿ ಆರಿಸುವಾಗ ಒಂದು ದಿನ ಸುಮ್ಮನೆ ಕುಳಿತು ನೋಡಿ. ಮೈ ಬೆಚ್ಚಗಾಗುವ ವ್ಯಾಯಾಮವಿಲ್ಲದೆ ನೇರ ಕಾಲು ಚಾಚಿಸುತ್ತಾರೆಯೇ? ಮಗುವಿನ ತೊಡೆಯ ಮೇಲೆ ಕುಳಿತು, ಭುಜ ಒತ್ತಿ ಬಲವಂತವಾಗಿ ಕಾಲು ಅಗಲಿಸುತ್ತಾರೆಯೇ? ಹಾಗಿದ್ದರೆ ಎದ್ದು ಬನ್ನಿ. ಮೈ ಸಡಿಲವಾಗಲು ತಿಂಗಳುಗಳು ಬೇಕು, ಹರಿದ ಸ್ನಾಯುವಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಸ್ಪಾರಿಂಗ್ ಆಡಿಸುವಾಗ ಹೊಗು ಎನ್ನುವ ಎದೆಗವಚ, ತಲೆಗವಚ, ಹಲ್ಲಿಗೆ ಮೌತ್ ಗಾರ್ಡ್, ಮುಂಗೈ ಕಣಕಾಲುಗಳ ಗಾರ್ಡ್ ಕಡ್ಡಾಯ ಮಾಡಿದ್ದಾರೆಯೇ ನೋಡಿ. ಗುರುಗಳ ಕಣ್ಣು ಎಲ್ಲಿದೆ ಎಂದೂ ಗಮನಿಸಿ. ಸಾಲಿನ ಕೊನೆಯಲ್ಲಿ ನಿಂತ ದಪ್ಪ ಮಗುವಿನ ಪಾದವನ್ನು ಬಗ್ಗಿ ಸರಿಪಡಿಸುವವರು ಸಿಕ್ಕರೆ ಬಿಡಬೇಡಿ.

ದೊಡ್ಡವರ ಸಂಕೋಚಕ್ಕೂ ಉತ್ತರವಿದೆ. ಸೊಂಟದ ಮೇಲೆ ಕಾಲು ಏಳದಿದ್ದರೆ ಏನೂ ಕೊರತೆಯಿಲ್ಲ. ಮಂಡಿ, ಬೆನ್ನು, ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳಿ ಶುರುಮಾಡಿ, ಹಾರಿ ಒದೆಯುವುದನ್ನು ಬಿಟ್ಟುಬಿಡಿ, ಪೂಮ್ಸೆಗೆ ಹೆಚ್ಚು ಸಮಯ ಕೊಡಿ. ಒಂಟಿ ಕಾಲಿನ ಮೇಲೆ ನಿಂತು ಮಂಡಿ ಎತ್ತಿ ಹಿಡಿಯುವ, ಇಳಿಸುವ ಅಭ್ಯಾಸ ವಯಸ್ಸಾದವರಿಗೆ ಸಮತೋಲನ ಕೊಡುತ್ತದೆ, ಬೀಳುವ ಭಯ ಕಡಿಮೆಯಾಗುತ್ತದೆ. ಕೊರಿಯಾದವರು ಇದನ್ನು ಬರೀ ಹುಡುಗರ ಆಟವೆಂದು ಎಣಿಸಿಲ್ಲ. 2006ರಲ್ಲಿ ಸೋಲ್‌ನಲ್ಲಿ ಆರಂಭವಾದ ವಿಶ್ವ ಪೂಮ್ಸೆ ಚಾಂಪಿಯನ್‌ಷಿಪ್‌ನಲ್ಲಿ ವಯಸ್ಸಿಗೆ ತಕ್ಕ ವಿಭಾಗಗಳಿವೆ, ಈಗ 65 ದಾಟಿದವರಿಗೂ ಬೇರೆಯೇ ವಿಭಾಗ ಇದೆ. ಅಲ್ಲಿ ಅಂಕ ಕೊಡುವವರು ನೋಡುವುದು ಚಲನೆ ಎಷ್ಟು ಕರಾರುವಾಕ್ಕಾಗಿದೆ, ಬಲ ಎಲ್ಲಿ ಬಂತು, ಎಲ್ಲಿ ತಗ್ಗಿತು, ಲಯ ಕೂಡಿತೇ ಎಂಬುದನ್ನು.